ಮನೆ ಶಿಫ್ಟ್ ಮಾಡುವಾಗ ಹವಳದ ಅಕ್ವೇರಿಯಂ ಸಾಗಿಸುವುದು ಹೇಗೆ? ಮೊದಲು ಕಾಪಾಡಬೇಕಾದ್ದು ನೀರನ್ನಲ್ಲ, ಕಲ್ಲನ್ನು!

ಮುಂಬೈ, ಪುಣೆಯ ಬಾಡಿಗೆ ಮನೆಗಳಲ್ಲಿ ಇರುವವರಿಗೆ 11 ತಿಂಗಳ ಕರಾರು ಮುಗಿಯುತ್ತಿದ್ದಂತೆ ಗಂಟುಮೂಟೆ ಕಟ್ಟುವುದು ಹೊಸದಲ್ಲ. ಫ್ರಿಜ್, ಮಂಚ, ಕಪಾಟುಗಳನ್ನು ಪ್ಯಾಕರ್ಸ್‌ನವರು ಅರ್ಧ ದಿನದಲ್ಲಿ ಸಾಗಿಸಿಬಿಡುತ್ತಾರೆ. ಆದರೆ ಹಾಲ್‌ನಲ್ಲಿ ಉಪ್ಪುನೀರಿನ ಅಕ್ವೇರಿಯಂ ಇದ್ದು, ಅದರಲ್ಲಿ ಜೀವಂತ ಹವಳಗಳಿದ್ದರೆ ಕಥೆಯೇ ಬೇರೆ. ಗಾಜಿಗೆ ಒಂದು ಗೀರೂ ಬೀಳದೆ ಹೊಸ ಮನೆ ಸೇರಿದರೂ, ಎರಡು ಮೂರು ದಿನದಲ್ಲಿ ಮೀನುಗಳು ಒಂದೊಂದಾಗಿ ಸಾಯುವುದುಂಟು. ಹಲವು ವರ್ಷ ಬೆಳೆಸಿದ ಹವಳ ವಾರದಲ್ಲಿ ಬಿಳಿಚಿಕೊಳ್ಳುತ್ತದೆ.

ಇದಕ್ಕೆ ಕಾರಣ ಸಾಮಾನ್ಯವಾಗಿ ದಾರಿಯಲ್ಲಿ ಆದ ಕುಲುಕಾಟವಲ್ಲ, ಅಮೋನಿಯಾ. ಮೀನಿನ ತ್ಯಾಜ್ಯ ಮತ್ತು ಉಳಿದ ಆಹಾರದಿಂದ ತೊಟ್ಟಿಯಲ್ಲಿ ಸದಾ ಅಮೋನಿಯಾ ಹುಟ್ಟುತ್ತಿರುತ್ತದೆ. ಅದನ್ನು ನೈಟ್ರೈಟ್, ನಂತರ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುವುದು ಬ್ಯಾಕ್ಟೀರಿಯಾಗಳ ಕೆಲಸ. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಾಡುವುದು ತೀರಾ ಕಡಿಮೆ. ಅವು ಅಂಟಿಕೊಂಡಿರುವುದು ತೂತುತೂತಾದ ಲೈವ್ ರಾಕ್‌ನ ಒಳಗೆ, ಮರಳಿನ ಕಣಗಳ ಮೇಲೆ, ಫಿಲ್ಟರ್‌ನಲ್ಲಿ. ಹಳೆಯ ನೀರನ್ನು ಹನಿಯೂ ಬಿಡದೆ ಕ್ಯಾನ್‌ಗಳಲ್ಲಿ ತುಂಬಿಸಿ, ಕಲ್ಲುಗಳನ್ನು ಮಾತ್ರ ಚೀಲಕ್ಕೆ ಹಾಕಿ ಟೆಂಪೋದಲ್ಲಿ ಒಣಗಲು ಬಿಡುವವರಿದ್ದಾರೆ. ಇದು ಪೂರ್ತಿ ಉಲ್ಟಾ ಲೆಕ್ಕ. ಒಣಗಿದ ಕಲ್ಲಿನೊಳಗಿನ ಸ್ಪಂಜು, ಹುಳು, ಬ್ಯಾಕ್ಟೀರಿಯಾ ಸತ್ತು ಕೊಳೆತರೆ, ಅಮೋನಿಯಾ ಕರಗಿಸಬೇಕಾದ ಕಲ್ಲೇ ಅಮೋನಿಯಾ ತಯಾರಿಸುತ್ತದೆ.

ಹಾಗಾಗಿ ಕಲ್ಲುಗಳನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್‌ಗಳಲ್ಲಿ ಅದೇ ತೊಟ್ಟಿಯ ನೀರಿನಲ್ಲಿ ಮುಳುಗಿಸಿಯೇ ಒಯ್ಯಬೇಕು. ಭಾರ ಹೆಚ್ಚಾಯಿತೆಂದರೆ ಉಪ್ಪುನೀರಿನಲ್ಲಿ ನೆನೆಸಿದ ದಿನಪತ್ರಿಕೆ ಸುತ್ತಿಯಾದರೂ ಒಯ್ಯಿರಿ. ಅದು ಕೆಲವೇ ಗಂಟೆಗಳ ದಾರಿಗೆ ಸಾಕು. ಪಂಪ್‌ಗೆ ಅಂಟಿದ ಪಾಚಿ ಉಜ್ಜಬಹುದು, ಫಿಲ್ಟರ್‌ನ ಸ್ಪಂಜನ್ನು ಮಾತ್ರ ನಲ್ಲಿ ನೀರಿನಲ್ಲಿ ತೊಳೆಯಬೇಡಿ. ಕ್ಲೋರಿನ್ ಆ ಬ್ಯಾಕ್ಟೀರಿಯಾಗಳನ್ನೇ ಕೊಲ್ಲುತ್ತದೆ.

ಮರಳೇ ದೊಡ್ಡ ಅಪಾಯ

ಬಹಳ ಮಂದಿ ಎಡವುವುದು ಮರಳಿನ ವಿಷಯದಲ್ಲಿ. ಎರಡು ಮೂರು ವರ್ಷದಿಂದ ಕದಡದ ಮರಳಿನ ಅಡಿಯಲ್ಲಿ ಆಮ್ಲಜನಕವಿಲ್ಲದ ಕಪ್ಪು ಪದರ ಕೂತಿರುತ್ತದೆ. ಅದನ್ನು ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅದು ಹೈಡ್ರೋಜನ್ ಸಲ್ಫೈಡ್. ಮೀನಿಗೂ ಹವಳಕ್ಕೂ ಅದು ವಿಷ. ಹಳೆಯ ಮರಳನ್ನು ಹಾಗೇ ಸುರಿದರೆ ಇಡೀ ಕೊಳೆ ಒಮ್ಮೆಗೇ ನೀರಿಗಿಳಿಯುತ್ತದೆ. ಕಲ್ಲು ಚೆನ್ನಾಗಿದ್ದರೆ ಹಳೆಯ ಮರಳನ್ನು ಬಿಟ್ಟು, ಚೆನ್ನಾಗಿ ತೊಳೆದ ಹೊಸ ಮರಳು ಹಾಕುವುದೇ ಒಳ್ಳೆಯದು. ಐದಾರು ಕಿಲೋ ಮರಳಿನ ಖರ್ಚು ಉಳಿಸಲು ಹೋಗಿ ಸಾವಿರಾರು ರೂಪಾಯಿಯ ಹವಳ ಕಳೆದುಕೊಳ್ಳುವುದು ಯಾವ ಲೆಕ್ಕ? ಇದೇ ಕಾರಣಕ್ಕೆ ಹಳೆಯ ನೀರು ತೆಗೆಯುವುದಿದ್ದರೆ ಕಲ್ಲು ಅಲುಗಿಸುವ ಮೊದಲೇ, ಮೇಲಿನಿಂದ ಪೈಪ್ ಹಾಕಿ ತೆಗೆಯಿರಿ.

ನೀರು ಅರ್ಧದಷ್ಟು ಹಳೆಯದಿದ್ದರೆ ಸಾಕು. ಉಳಿದದ್ದನ್ನು ಹಿಂದಿನ ದಿನವೇ ಹೊಸ ಮನೆಯಲ್ಲಿ ತಯಾರಿಸಿ, ಪಂಪ್ ಹಾಕಿ ತಿರುಗಿಸುತ್ತಿರಿ. ಲೀಟರಿಗೆ ಸುಮಾರು 35 ಗ್ರಾಂ ಲವಣ, ಸಾಂದ್ರತೆ 1.025, ತಾಪಮಾನ 25-26 ಡಿಗ್ರಿ. ಅಡುಗೆ ಉಪ್ಪು ನಡೆಯುವುದಿಲ್ಲ, ಅಕ್ವೇರಿಯಂಗೆಂದೇ ಸಿಗುವ ಸಮುದ್ರ ಲವಣವೇ ಬೇಕು. ಕುಡಿಯಲು ಬಳಸುವ ಆರ್‌ಓ ಯಂತ್ರದ ನೀರಿನಲ್ಲೂ ಟಿಡಿಎಸ್ ಉಳಿದಿರುತ್ತದೆ, ಇಲ್ಲಿ ಬೇಕಾದ್ದು ಸೊನ್ನೆಗೆ ಹತ್ತಿರದ ನೀರು.

ಹವಳವನ್ನು ಎತ್ತುವುದೂ ಒಂದು ಕಲೆ

ಹ್ಯಾಮರ್, ಟಾರ್ಚ್ ಜಾತಿಯ ಹವಳಗಳು ಹಗಲು ಉಬ್ಬಿಕೊಂಡಿರುತ್ತವೆ. ಹಾಗೇ ನೀರಿನಿಂದ ಮೇಲೆತ್ತಿದರೆ ನೀರು ತುಂಬಿದ ಮಾಂಸದ ಭಾರಕ್ಕೆ ಅವುಗಳ ಸುಣ್ಣದ ಅಂಚೇ ಅದನ್ನು ಹರಿದುಹಾಕುತ್ತದೆ. ಮೊದಲು ಮೆಲ್ಲಗೆ ನೀರು ಬೀಸಿ, ಅವು ಮುದುಡಿದ ಮೇಲೆ ತಳದ ಗಟ್ಟಿ ಭಾಗ ಹಿಡಿದು ಎತ್ತಬೇಕು. ಒಂದರ ಕುಟುಕು ಇನ್ನೊಂದಕ್ಕೆ ತಾಗದಂತೆ ಪ್ರತಿಯೊಂದಕ್ಕೂ ಬೇರೆ ಡಬ್ಬಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲೇಬೇಕು. ಝೊವಾಂಥಿಡ್ ಎಂಬ ಬಣ್ಣಬಣ್ಣದ, ಗುಂಡಿಯಂಥ ಜೀವಿಗಳ ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಉಗ್ರ ವಿಷವಿರುತ್ತದೆ. ಅವು ಅಂಟಿದ ಕಲ್ಲನ್ನು ಶುಚಿ ಮಾಡಲೆಂದು ಬಿಸಿನೀರು ಸುರಿಯುವುದು, ಕುದಿಸುವುದು ಮಾಡಿದರೆ ಆವಿಯೊಂದಿಗೆ ವಿಷ ಮನೆಯವರ ಶ್ವಾಸಕೋಶ ಸೇರೀತು.

ಮೀನುಗಳಿಗೆ ಒಂದು ದಿನ ಮೊದಲೇ ಆಹಾರ ನಿಲ್ಲಿಸಿ. ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು, ಬ್ಯಾಟರಿಯ ಏರ್ ಪಂಪ್ ಹಾಕಿ. ಊರೊಳಗಿನ ದಾರಿಗೆ ಇಷ್ಟು ಸಾಕು. ಪುಣೆಯಿಂದ ಬೆಂಗಳೂರಿಗೆ 800 ಕಿ.ಮೀ.ಗೂ ಹೆಚ್ಚು, ಅಂಥ ದಾರಿಗಾದರೆ ಅಕ್ವೇರಿಯಂ ಅಂಗಡಿಯವರಿಂದಲೇ ಆಕ್ಸಿಜನ್ ತುಂಬಿದ ಚೀಲಗಳಲ್ಲಿ ಕಟ್ಟಿಸಿ, ರಾತ್ರಿ ಹೊರಡಿ. ಬೇಸಿಗೆಯಲ್ಲಿ ಮುಚ್ಚಿದ ಗಾಡಿಯೊಳಗೆ ನೀರು 30 ಡಿಗ್ರಿ ದಾಟಿದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚುತ್ತದೆ. ಬಟ್ಟೆ ಸುತ್ತಿದ ಐಸ್ ಬಾಟಲಿ ಪೆಟ್ಟಿಗೆಯ ಪಕ್ಕ ಇರಲಿ, ನೀರಿನೊಳಗೆ ಬೇಡ. ಗಾಜಿನ ತೊಟ್ಟಿ ಮಾತ್ರ ಪೂರ್ತಿ ಖಾಲಿಯಿರಬೇಕು. ಎರಡು ಇಂಚು ನೀರು ಉಳಿದಿದ್ದರೂ ಎತ್ತುವಾಗ ಸಿಲಿಕೋನ್ ಜೋಡಣೆ ಬಿಡಬಹುದು.

ಹೊಸ ಮನೆಯಲ್ಲಿ ಎಲ್ಲಿ ಇಡುತ್ತೀರಿ ಎಂಬುದನ್ನೂ ಮೊದಲೇ ಗೊತ್ತುಮಾಡಿ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿಯಲ್ಲಿ ಸುಮಾರು 255 ಲೀಟರ್ ನೀರು ಹಿಡಿಯುತ್ತದೆ. ಕಲ್ಲು, ಗಾಜು, ಸ್ಟ್ಯಾಂಡ್ ಸೇರಿದರೆ 400 ಕಿಲೋ ಹತ್ತಿರ. ವಾಸದ ಕೋಣೆಯ ನೆಲವನ್ನು ವಿನ್ಯಾಸ ಮಾಡುವುದು ಚದರ ಮೀಟರಿಗೆ ಸುಮಾರು 200 ಕಿಲೋ ಲೆಕ್ಕದಲ್ಲಿ. ಆದ್ದರಿಂದ ಬಾಲ್ಕನಿಯಲ್ಲಿ, ಹಾಲ್‌ನ ನಡುವೆ ಬೇಡ. ಕೆಳಗೆ ಬೀಮ್ ಇರುವ ಗೋಡೆಯ ಪಕ್ಕ ಇಡಿ.

ಕಾನೂನು ಏನು ಹೇಳುತ್ತದೆ?

ಕಲ್ಲಿನಂಥ ಗಟ್ಟಿ ಹವಳಗಳನ್ನು 2001ರಲ್ಲೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಶೆಡ್ಯೂಲ್‌ಗೆ ಸೇರಿಸಲಾಗಿದೆ. ಮನ್ನಾರ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್ ಅಥವಾ ನಮ್ಮ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಿಂದ ಒಂದು ತುಂಡು ಕಿತ್ತು ತಂದರೂ ಅಪರಾಧ. ವಿದೇಶದಿಂದ ಬಂದ ಗಟ್ಟಿ ಹವಳಗಳಿಗೆ ಸೈಟಿಸ್ ಒಪ್ಪಂದದ ದಾಖಲೆ ಬೇಕು. ಆ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ಮನೆಯಲ್ಲಿಟ್ಟುಕೊಂಡವರ ನೋಂದಣಿಯನ್ನು 2022ರ ತಿದ್ದುಪಡಿ ತಂದಿದೆ. ಅಂಗಡಿಯ ಬಿಲ್ ಒಂದನ್ನೇ ನಂಬಿಕೊಂಡು ರಾಜ್ಯದ ಗಡಿ ದಾಟುವುದು ಬೇಡ, ಹೊರಡುವ ಮೊದಲೇ ಅರಣ್ಯ ಇಲಾಖೆಯ ವನ್ಯಜೀವಿ ವಿಭಾಗದಲ್ಲಿ ವಿಚಾರಿಸಿ.

ತೊಟ್ಟಿ ಮತ್ತೆ ನಿಂತ ಮೇಲೆ ವಾರದವರೆಗೆ ದಿನವೂ ಅಮೋನಿಯಾ ಪರೀಕ್ಷಿಸಿ, ಆಹಾರ ಕಡಿಮೆ ಕೊಡಿ. ಸ್ವಲ್ಪ ಅಮೋನಿಯಾ ಕಂಡರೂ ಕಾಲುಭಾಗ ನೀರು ಬದಲಿಸಲು ತಯಾರಿಸಿದ ಉಪ್ಪುನೀರು ಕೈಯಳತೆಯಲ್ಲಿರಲಿ. ಚಿಲ್ಲರ್ ಯಂತ್ರವನ್ನು ದಾರಿಯಲ್ಲಿ ಮಲಗಿಸಿದ್ದರೆ, ನೆಟ್ಟಗೆ ನಿಲ್ಲಿಸಿ ಕೆಲವು ಗಂಟೆ ಕಳೆದ ಮೇಲೆ ಸ್ವಿಚ್ ಹಾಕಿ. ದೀಪವನ್ನು ಮೊದಲು ಅರ್ಧ ಪ್ರಖರತೆಯಲ್ಲಿಟ್ಟು ಎರಡು ವಾರದಲ್ಲಿ ನಿಧಾನಕ್ಕೆ ಏರಿಸಿ. ಹವಳ ಮೂರ್ನಾಲ್ಕು ದಿನ ಅರಳದೆ ಮುದುಡಿಕೊಂಡಿದ್ದರೆ ಗಾಬರಿಯಾಗಿ ಜಾಗ ಬದಲಿಸುತ್ತಾ ಕೂರಬೇಡಿ. ಆದರೆ ಮಾಂಸ ಕಳಚಿ ಬಿಳಿ ಸುಣ್ಣ ಕಾಣತೊಡಗಿದರೆ, ಆ ತುಂಡನ್ನು ಅದೇ ದಿನ ಬೇರೆ ಪಾತ್ರೆಗೆ ಹಾಕಿ.