ಪ್ರಥಮ ಉಮೇದುವಾರಿ

ಯಂತ್ರಶಾಸ್ತ್ರವನ್ನು ಅಭ್ಯಸಿಸುತ್ತಿರುವ ಮಗನಿಗೆ ಮೊದಲ ಉಮೇದುವಾರಿಯು ಪುಣೆ, ಬೆಂಗಳೂರುಗಳಲ್ಲಿಯೇ ದೊರೆಯಬೇಕೆಂದು ಗೃಹಸ್ಥರು ಹಂಬಲಿಸುವುದುಂಟು. ದೀಪದ ಬುಡದಲ್ಲಿ ಕತ್ತಲೆಯೆಂಬುದು ಇದಕ್ಕೇ. ಜಮಖಂಡಿ, ಮುಧೋಳ, ಬೀಳಗಿಯ ಸೀಮೆಯಲ್ಲಿ ಸಕ್ಕರೆಯ ಕಾರಖಾನೆಗಳುಂಟು. ರಬಕವಿ-ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗಗಳುಂಟು.

"ಬೇಸಿಗೆಯ ರಜೆಯಲ್ಲಿ ಸಕ್ಕರೆ ಕಾರಖಾನೆಯು ನಿಂತಿರುವುದಲ್ಲ, ನೋಡುವುದೇನು?" ಎಂದು ಹುಡುಗರು ಕೇಳುವರು. ಕಬ್ಬು ನುರಿಸುವ ಹಂಗಾಮು ಆಗ ಮುಗಿದಿರುವುದು ದಿಟ. ಆದರೆ ಓಡುವ ಯಂತ್ರವು ಹೊರಮೈಯನ್ನು ಮಾತ್ರ ತೋರಿಸುವುದು. ನಿಂತ ಯಂತ್ರವು ತನ್ನ ಒಡಲನ್ನೇ ತೆರೆದಿಡುವುದು. ಗಾಣದ ಉರುಳೆಗಳನ್ನು ಕಳಚಿ ಸವೆದುದನ್ನು ಸರಿಪಡಿಸುವುದೂ, ರಸವನ್ನು ಕುದಿಸುವ ಪಾತ್ರೆಗಳ ನಳಿಗೆಗಳಿಂದ ಗಟ್ಟಿ ಪೊರೆಯನ್ನು ಕೆರೆದು ತೆಗೆಯುವುದೂ ಆಗಲೇ. ಹಂಗಾಮಿನಲ್ಲಿ ಮತ್ತೊಮ್ಮೆ ಹೋದರೆ, ಹಿಂಡಿದ ಸಿಪ್ಪೆಯೇ ಉರುವಲಾಗಿ ಉಗಿಯನ್ನೆಬ್ಬಿಸುವುದನ್ನೂ, ಆ ಉಗಿಯು ಟರ್ಬೈನನ್ನು ತಿರುಗಿಸಿ ಬಳಿಕ ರಸವನ್ನೂ ಕಾಯಿಸುವುದನ್ನೂ ಕಣ್ಣಾರೆ ಕಾಣಬಹುದು.

ಕೇಳುವ ಬಗೆಯು ಸುಲಭ. ಕಾಲೇಜಿನ ಪತ್ರದೊಡನೆ, ಯಾವ ದಿನಗಳಲ್ಲಿ ಯಾವ ವಿಭಾಗದಲ್ಲಿ ಏನನ್ನು ಕಲಿಯಬೇಕೆಂಬುದನ್ನು ಒಂದೇ ಪುಟದಲ್ಲಿ ಬರೆದು, ಮುಖ್ಯ ಎಂಜಿನಿಯರರನ್ನು ಮಗನೇ ಕಾಣಲಿ. ತಂದೆಯು ಮುಂದೆ ಹೋಗಬಾರದು. ಕಾರಖಾನೆಯ ಮೆಟ್ಟಿಲನ್ನೇ ತುಳಿಯದೆ, ಹಣ ತೆತ್ತು ಪ್ರಮಾಣಪತ್ರವನ್ನು ಪಡೆಯುವ ಮಾರ್ಗವನ್ನಂತೂ ಎಂದಿಗೂ ಹಿಡಿಯತಕ್ಕದ್ದಲ್ಲ. ಆ ಕಾಗದವು ಪರೀಕ್ಷೆಯನ್ನು ದಾಟಿಸೀತು; ಆದರೆ ಕೆಟ್ಟು ನಿಂತ ಯಂತ್ರದ ಮುಂದೆ ಅದು ಮೂಕವಾಗುವುದು.

ಪದವಿಯ ತರುವಾಯವೂ ದಾರಿಯುಂಟು. 1961ರ ಅಪ್ರೆಂಟಿಸ್ ಕಾಯದೆಗೆ 1973ರಲ್ಲಿ ಆದ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರಿಗೂ ಡಿಪ್ಲೊಮಾದವರಿಗೂ ಭತ್ಯಸಹಿತ ಉಮೇದುವಾರಿಯು ಲಭಿಸಿತು. ಆದರೆ ಕೈಗೆ ಮೊದಲ ಎಣ್ಣೆಯ ಕಲೆಯು ಊರಿನ ಸಮೀಪದಲ್ಲಿಯೇ ಹತ್ತಿದರೆ ನಾಚಿಕೆಯೇನೂ ಇಲ್ಲ.