ತಂತ್ರಾಂಶ ಪ್ರಚಾರಕ: ಹುದ್ದೆ ಹೊಸದು, ಕೆಲಸ ಹಳೆಯದು

ಗಡಿಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲೂಕುಗಳ ವರ್ತಕ ಮತ್ತು ಉದ್ದಿಮೆದಾರ ಕುಟುಂಬಗಳಲ್ಲಿ ಇಂಜಿನಿಯರಿಂಗ್ ಓದಿ ಬೆಂಗಳೂರು ಅಥವಾ ಪುಣೆಯ ತಂತ್ರಾಂಶ ಕಂಪನಿಗಳನ್ನು ಸೇರಿದ ಮಕ್ಕಳಿರುವುದು ಇಂದು ಹೊಸ ಸಂಗತಿಯಲ್ಲ. ಪ್ರೋಗ್ರಾಂ ಬರೆಯುವ ಕೆಲಸದಲ್ಲಿ ನಾಲ್ಕೈದು ವರ್ಷ ಕಳೆದವರ ಮುಂದೆ ಬರುವ ದಾರಿಗಳಲ್ಲಿ 'ಡೆವಲಪರ್ ಇವ್ಯಾಂಜೆಲಿಸ್ಟ್', ಅಂದರೆ ತಂತ್ರಾಂಶ ಪ್ರಚಾರಕ ಎಂಬ ಹುದ್ದೆಯೂ ಒಂದು. ಈ ಹೆಸರು ಕೇಳಿದ ಮನೆಯ ಹಿರಿಯರಲ್ಲಿ ಎರಡು ಸಂಶಯಗಳು ಮೂಡುವುದು ಸಹಜ. ಇದು ಬರಿಯ ಮಾರಾಟದ ಕೆಲಸವೇ? ಕೈಯಲ್ಲಿದ್ದ ವಿದ್ಯೆಯನ್ನು ಬಿಟ್ಟು ಬಾಯಿಮಾತಿನ ಕೆಲಸಕ್ಕೆ ಹೋಗುವುದು ಜಾಣತನವೇ?

ಈ ಪ್ರಶ್ನೆಗಳು ಕುಟುಂಬಕ್ಕಷ್ಟೇ ಸಂಬಂಧಿಸಿದವಲ್ಲ. ಅಂಗಡಿಗೆ, ವಖಾರಿಗೆ, ಕಾರ್ಖಾನೆಗೆ ತಂತ್ರಾಂಶ ಕೊಳ್ಳುವ ವರ್ತಕರೂ ಇಂಥ ಪ್ರಚಾರಕರ ಮಾತನ್ನು ಕೇಳಿಯೇ ಹಲವು ಬಾರಿ ನಿರ್ಧಾರ ಕೈಗೊಳ್ಳುತ್ತಾರೆ. ಒಮ್ಮೆ ಲೆಕ್ಕಪತ್ರವೆಲ್ಲ ಒಂದು ತಂತ್ರಾಂಶದೊಳಗೆ ಸೇರಿದ ಮೇಲೆ ಅದನ್ನು ಬದಲಿಸುವುದು ಸುಲಭವಲ್ಲ. ಆದುದರಿಂದ ಈ ಹುದ್ದೆಯ ಸ್ವರೂಪವನ್ನು ಎರಡೂ ಕಡೆಯಿಂದ ತಿಳಿದುಕೊಳ್ಳುವುದು ಅಗತ್ಯ.

ಹೆಸರು ಬಂದ ಬಗೆ

'ಇವ್ಯಾಂಜೆಲಿಸ್ಟ್' ಎಂಬುದು ಮೂಲತಃ ಕ್ರೈಸ್ತ ಧರ್ಮದ ಪದ. ಸುವಾರ್ತೆಯನ್ನು ಸಾರುವವನು ಎಂದು ಅದರ ಅರ್ಥ. ಗಣಕಯಂತ್ರ ಉದ್ಯಮದಲ್ಲಿ ಇದು ಹುದ್ದೆಯ ಹೆಸರಾಗಿ ಪ್ರಸಿದ್ಧವಾದದ್ದು ಅಮೆರಿಕದ ಆಪಲ್ ಕಂಪನಿಯಿಂದ. 1984ರ ಜನವರಿಯಲ್ಲಿ ಆ ಕಂಪನಿಯು ಮೆಕಿಂತೋಷ್ ಎಂಬ ಹೊಸ ಗಣಕವನ್ನು ಮಾರುಕಟ್ಟೆಗೆ ತಂದಿತು. ಯಂತ್ರ ಎಷ್ಟೇ ಉತ್ತಮವಾಗಿದ್ದರೂ ಅದರಲ್ಲಿ ನಡೆಯುವ ತಂತ್ರಾಂಶಗಳಿಲ್ಲದೆ ಗ್ರಾಹಕರು ಕೊಳ್ಳುವಂತಿರಲಿಲ್ಲ. ಗ್ರಾಹಕರಿಲ್ಲದ ಯಂತ್ರಕ್ಕೆ ತಂತ್ರಾಂಶ ಬರೆಯಲು ಹೊರಗಿನ ಕಂಪನಿಗಳು ಸಿದ್ಧವಿರಲಿಲ್ಲ. ಈ ತೊಡಕನ್ನು ಬಿಡಿಸಲು, ಹೊರಗಿನ ಪ್ರೋಗ್ರಾಂಕಾರರ ಬಳಿಗೆ ಹೋಗಿ, ಯಂತ್ರವನ್ನು ತೋರಿಸಿ, ಅವರ ಮನವೊಲಿಸಿ, ಅವರಿಗೆ ಬೇಕಾದ ನೆರವು ಒದಗಿಸುವ ಜನರನ್ನು ಆಪಲ್ ನೇಮಿಸಿತು. ಮೈಕ್ ಬೋಯಿಚ್ ಅವರನ್ನು ಇಂಥ ಮೊದಲ ಪ್ರಚಾರಕರೆಂದು ಗುರುತಿಸಲಾಗುತ್ತದೆ.

ಬೋಯಿಚ್ ಅವರ ಕಾಲೇಜು ಸ್ನೇಹಿತ ಗೈ ಕವಾಸಾಕಿ 1983ರಲ್ಲಿ ಇದೇ ಕೆಲಸಕ್ಕೆ ಸೇರಿದರು. ಅವರು ಇಂಜಿನಿಯರ್ ಅಲ್ಲ. ಓದಿದ್ದು ಮನಃಶಾಸ್ತ್ರ ಮತ್ತು ವ್ಯವಹಾರ ನಿರ್ವಹಣೆ. ಅದಕ್ಕೂ ಮೊದಲು ಲಾಸ್ ಏಂಜಲೀಸ್ ನಗರದ ಆಭರಣ ತಯಾರಿಕಾ ಸಂಸ್ಥೆಯೊಂದರಲ್ಲಿ ದುಡಿದವರು. ಮಾರಾಟದ ಮೊದಲ ಪಾಠವನ್ನು ಆಭರಣ ವ್ಯಾಪಾರದಲ್ಲಿಯೇ ಕಲಿತುದಾಗಿ ಅವರು ಹೇಳಿಕೊಂಡಿದ್ದಾರೆ. ಈ ಹುದ್ದೆಯನ್ನು ಜಗತ್ತಿಗೆ ಪರಿಚಯಿಸಿದವರಲ್ಲಿ ಪ್ರಮುಖರು ಉದ್ಯೋಗ ಬದಲಿಸಿ ಬಂದ ಒಬ್ಬ ವ್ಯಾಪಾರಸ್ಥ ಎಂಬುದು ವರ್ತಕರು ಗಮನಿಸತಕ್ಕ ಸಂಗತಿ. ಹೊರಗಿನ ಕಂಪನಿಗಳು ಬರೆದ ತಂತ್ರಾಂಶಗಳೇ ಮುಂದೆ ಆ ಗಣಕವನ್ನು ಉಳಿಸಿದವು. ನಮ್ಮ ಊರುಗಳ ಮುದ್ರಣಾಲಯಗಳಲ್ಲಿಯೂ ಬಹುಕಾಲ ಬಳಕೆಯಲ್ಲಿದ್ದ ಪೇಜ್‌ಮೇಕರ್ 1985ರಲ್ಲಿ ಮೊದಲು ಹೊರಬಂದದ್ದು ಮೆಕಿಂತೋಷ್‌ಗಾಗಿ. ಮೈಕ್ರೋಸಾಫ್ಟ್ ಕಂಪನಿಯ ಎಕ್ಸೆಲ್ ಕೂಡ ಅದೇ ವರ್ಷ ಅದೇ ಗಣಕಕ್ಕಾಗಿಯೇ ಮೊದಲು ಬಂದಿತು.

ಪ್ರಚಾರಕನ ಕೆಲಸವೇನು?

ಮಾರಾಟ ಪ್ರತಿನಿಧಿಯು ಸರಕನ್ನು ಕೊಳ್ಳುವವರ ಬಳಿಗೆ ಹೋಗುತ್ತಾನೆ. ತಂತ್ರಾಂಶ ಪ್ರಚಾರಕನು ಆ ಸರಕಿನ ಮೇಲೆ ಮತ್ತೇನನ್ನೋ ಕಟ್ಟುವವರ ಬಳಿಗೆ, ಅಂದರೆ ಇತರ ಪ್ರೋಗ್ರಾಂಕಾರರ ಬಳಿಗೆ ಹೋಗುತ್ತಾನೆ. ಎರಡು ತಂತ್ರಾಂಶಗಳು ಪರಸ್ಪರ ಮಾಹಿತಿ ಕೊಟ್ಟು ಪಡೆಯಲು ಬಿಟ್ಟಿರುವ ಬಾಗಿಲಿಗೆ ಎ.ಪಿ.ಐ. ಎನ್ನುತ್ತಾರೆ. ಉದಾಹರಣೆಗೆ, ಸಕ್ಕರೆ ಕಾರ್ಖಾನೆಯ ಕಾಟಾದ ಮೇಲೆ ಕಬ್ಬಿನ ಗಾಡಿ ನಿಂತಾಗ ಬಂದ ತೂಕವು ಯಾರೂ ಮತ್ತೆ ಬರೆಯದೆ ನೇರವಾಗಿ ರೈತನ ಖಾತೆಗೆ ಸೇರಬೇಕಾದರೆ, ಕಾಟಾದ ತಂತ್ರಾಂಶವೂ ಲೆಕ್ಕದ ತಂತ್ರಾಂಶವೂ ಇಂಥ ಬಾಗಿಲಿನ ಮೂಲಕ ಮಾತನಾಡಿಕೊಳ್ಳಬೇಕಾಗುತ್ತದೆ. ಆ ಬಾಗಿಲನ್ನು ಬಳಸುವ ಬಗೆಯನ್ನು ಕಲಿಸುವುದು, ಮಾದರಿ ಪ್ರೋಗ್ರಾಂ ಬರೆದು ತೋರಿಸುವುದು, ಕೈಪಿಡಿ ಸಿದ್ಧಪಡಿಸುವುದು, ಕಾಲೇಜು ಮತ್ತು ಸಮಾವೇಶಗಳಲ್ಲಿ ಕಾರ್ಯಾಗಾರ ನಡೆಸುವುದು ಪ್ರಚಾರಕನ ಕೆಲಸದ ಒಂದು ಅರ್ಧ.

ಇನ್ನೊಂದು ಅರ್ಧ ಹೊರಗಿನವರಿಗೆ ಕಾಣುವುದಿಲ್ಲ. ಬಳಸುವವರು ಎಲ್ಲಿ ಎಡವಿದರು, ಕೈಪಿಡಿಯ ಯಾವ ಪುಟ ಅರ್ಥವಾಗಲಿಲ್ಲ, ಯಾವ ಸೌಲಭ್ಯ ಇಲ್ಲದೆ ಕೆಲಸ ನಿಂತಿತು ಎಂಬುದನ್ನು ಹೊತ್ತು ತಂದು ತಯಾರಕರ ಮುಂದಿಡುವುದೇ ಆ ಅರ್ಧ. ಹೋಗುವಾಗ ಕಂಪನಿಯ ಮಾತನ್ನು ಒಯ್ಯುವವನು ಬರುವಾಗ ಬಳಕೆದಾರರ ದೂರನ್ನು ತರಬೇಕು. ಈ ಹಿಂದಿರುಗುವ ದಾರಿ ಮುಚ್ಚಿಹೋದಲ್ಲಿ ಪ್ರಚಾರಕನು ಕೇವಲ ಜಾಹೀರಾತುದಾರನಾಗುತ್ತಾನೆ. ಇತ್ತೀಚೆಗೆ ಹಲವು ಕಂಪನಿಗಳು ಈ ಹುದ್ದೆಗೆ 'ಡೆವಲಪರ್ ಅಡ್ವೊಕೇಟ್', ಅಂದರೆ ಬಳಕೆದಾರರ ಪರವಾಗಿ ವಾದಿಸುವವನು ಎಂಬ ಹೆಸರಿಟ್ಟಿರುವುದಕ್ಕೆ ಇದೂ ಒಂದು ಕಾರಣ.

ಬೆಳಗಾವಿಯ ಹಳೆಯ ಉದಾಹರಣೆ

ಹೆಸರಿಲ್ಲದಿದ್ದರೂ ಈ ಕೆಲಸ ನಮ್ಮ ಜಿಲ್ಲೆಗೆ ಹೊಸದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾಗಿದ್ದರು. ತಮಗೆ ಸಲ್ಲಬೇಕಾದ ಬಡ್ತಿ ದೊರೆಯದಾದಾಗ ಆ ಕೆಲಸ ಬಿಟ್ಟು ಬೆಳಗಾವಿಗೆ ಬಂದರು. 1888ರಲ್ಲಿ ಆರಂಭವಾದ ಸಹೋದರರ ಸೈಕಲ್ ಅಂಗಡಿಯಿಂದ ಮೇವು ಕತ್ತರಿಸುವ ಯಂತ್ರಕ್ಕೆ, ಅಲ್ಲಿಂದ ಕಬ್ಬಿಣದ ನೇಗಿಲಿಗೆ ಅವರ ಉದ್ದಿಮೆ ಬೆಳೆಯಿತು. ಆದರೆ ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತದೆ ಎಂಬ ನಂಬಿಕೆ ರೈತರಲ್ಲಿತ್ತು. ಮೊದಲ ನೇಗಿಲು ಮಾರಾಟವಾಗಲು ಸುಮಾರು ಎರಡು ವರ್ಷ ಹಿಡಿಯಿತೆಂದು ಅವರ ಚರಿತ್ರೆಯಿಂದ ತಿಳಿದುಬರುತ್ತದೆ.

ಅಂಥ ಸಂಶಯವನ್ನು ಬೆಲೆ ಇಳಿಸಿ ಹೋಗಲಾಡಿಸಲಾಗದು. ಬಳಸುವವನ ಭಯವನ್ನು ಕೇಳಿ, ಅವನ ಹೊಲದಲ್ಲಿಯೇ ಉತ್ತರ ದೊರೆಯಬೇಕಾಗುತ್ತದೆ. 1910ರಲ್ಲಿ ಕಾರ್ಖಾನೆ ಈಗಿನ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿಗೆ ಸ್ಥಳಾಂತರಗೊಂಡಿತು. 1920ರಲ್ಲಿ 'ಕಿರ್ಲೋಸ್ಕರ್ ಖಬರ್' ಎಂಬ ಮರಾಠಿ ಪತ್ರಿಕೆಯನ್ನು ಸಂಸ್ಥೆಯೇ ಹೊರಡಿಸಿತು. ಸಂಸ್ಥೆಯ ಸುದ್ದಿಪತ್ರವಾಗಿ ಹುಟ್ಟಿದ ಅದು ಮುಂದೆ ಸ್ವತಂತ್ರ ಮಾಸಪತ್ರಿಕೆಯಾಗಿ ಬೆಳೆಯಿತು. ಇಂದಿನ ತಂತ್ರಾಂಶ ಕಂಪನಿಗಳು ಕೈಪಿಡಿ ಮತ್ತು ಲೇಖನಗಳ ಮೂಲಕ ಮಾಡುವ ಕೆಲಸವೂ ಇದೇ ಜಾತಿಯದು.

ವರ್ತಕನ ಬೇಡಿಕೆಯಿಂದ ಹುಟ್ಟಿದ ತಂತ್ರಾಂಶ

ಬಳಕೆದಾರನ ಮಾತು ತಯಾರಕನಿಗೆ ತಲುಪಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಟ್ಯಾಲಿ ಉತ್ತಮ ನಿದರ್ಶನ. ಕಾರ್ಖಾನೆಗಳಿಗೆ ಕಚ್ಚಾವಸ್ತು ಮತ್ತು ಯಂತ್ರದ ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮಸುಂದರ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಹೊಂದುವ ತಂತ್ರಾಂಶ ದೊರೆಯಲಿಲ್ಲ. ಗಣಿತ ಪದವೀಧರರಾದ ಮಗ ಭರತ್ ಗೋಯೆಂಕಾ ಅವರಿಂದ ಅದನ್ನು ಬರೆಸಿದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಆರಂಭವಾದ ಕಂಪನಿ 1999ರಲ್ಲಿ ಟ್ಯಾಲಿ ಸಲ್ಯೂಷನ್ಸ್ ಆಯಿತು. ಸಂಕೇತ ಸಂಖ್ಯೆಗಳನ್ನು ನೆನಪಿಡದೆ ಖಾತೆಯ ಹೆಸರಿನಿಂದಲೇ ಜಮಾ ಖರ್ಚು ಬರೆಯುವ ಸೌಲಭ್ಯ ಅದನ್ನು ಸಣ್ಣ ವರ್ತಕರಿಗೆ ಹತ್ತಿರವಾಗಿಸಿತು. ಟಿ.ಡಿ.ಎಲ್. ಎಂಬ ಅದರದೇ ಭಾಷೆಯಲ್ಲಿ ಹೊರಗಿನ ಪ್ರೋಗ್ರಾಂಕಾರರು ಆಯಾ ವ್ಯಾಪಾರಕ್ಕೆ ಬೇಕಾದ ಮಾರ್ಪಾಡುಗಳನ್ನೂ ಮಾಡಿಕೊಡಬಹುದು. ಮುಂಬಯಿಯ ರುಷಭ್ ಮೆಹ್ತಾ ಅವರು ಆರಂಭಿಸಿದ ಇ.ಆರ್.ಪಿ. ನೆಕ್ಸ್ಟ್ ಎಂಬ ಮುಕ್ತ ತಂತ್ರಾಂಶದ ಮೂಲವೂ ಅವರ ಕುಟುಂಬದ ಪೀಠೋಪಕರಣ ಉದ್ದಿಮೆಯ ಅಗತ್ಯದಲ್ಲಿಯೇ ಇದೆ.

ಈ ತಾಲೂಕುಗಳಿಗೆ ಇದರ ಮಹತ್ವ

2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದ ನಂತರ ಲೆಕ್ಕದ ತಂತ್ರಾಂಶ ಅನುಕೂಲದ ವಸ್ತುವಾಗಿ ಉಳಿದಿಲ್ಲ, ಅನಿವಾರ್ಯವಾಗಿದೆ. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ವ್ಯವಹಾರಸ್ಥರು ಇತರ ನೋಂದಾಯಿತ ವ್ಯವಹಾರಸ್ಥರಿಗೆ ಮಾಡುವ ಮಾರಾಟಕ್ಕೆ ಇ-ಇನ್‌ವಾಯ್ಸ್ ಪಡೆಯಬೇಕಾಗಿದೆ. ಇದು ನಡೆಯುವುದೂ ತಂತ್ರಾಂಶಗಳು ಪರಸ್ಪರ ಮಾತನಾಡುವುದರಿಂದಲೇ.

ಆದರೆ ಸರ್ವಸಾಮಾನ್ಯವಾಗಿ ಸಿದ್ಧಪಡಿಸಿದ ತಂತ್ರಾಂಶಕ್ಕೆ ಸ್ಥಳೀಯ ವ್ಯಾಪಾರದ ಸೂಕ್ಷ್ಮಗಳು ತಿಳಿದಿರುವುದಿಲ್ಲ. ನಿಪ್ಪಾಣಿಯ ವಖಾರಿಯಲ್ಲಿ ಹೊಗೆಸೊಪ್ಪು ಇದ್ದಷ್ಟು ದಿನ ತೇವ ಆರಿ ತೂಕ ಇಳಿಯುತ್ತದೆ. ಇದನ್ನರಿಯದ ತಂತ್ರಾಂಶ ಅದನ್ನು ದಾಸ್ತಾನಿನ ಕೊರತೆಯೆಂದು ತೋರಿಸುತ್ತದೆ. ಅಥಣಿಯ ಚಪ್ಪಲಿ ತಯಾರಿಕೆಯಲ್ಲಿ ಒಂದೇ ಜೋಡಿಯ ಕೆಲಸ ಹಲವು ಮನೆಗಳಲ್ಲಿ, ಹಲವು ಕೈಗಳಲ್ಲಿ ನಡೆದು ಕೂಲಿ ಬೇರೆಬೇರೆಯಾಗಿ ಸಲ್ಲುತ್ತದೆ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೊಲ್ಹಾಪುರಿ ಚಪ್ಪಲಿಯ ವ್ಯಾಪ್ತಿಯಲ್ಲಿ ಬೆಳಗಾವಿ ಜಿಲ್ಲೆಯೂ ಸೇರಿರುವುದರಿಂದ, ಯಾವ ಜೋಡಿ ಯಾರ ಕೈಯಲ್ಲಿ ತಯಾರಾಯಿತು ಎಂಬ ದಾಖಲೆಗೂ ಬೆಲೆಯುಂಟು. ಕಾಗವಾಡ, ರಾಯಬಾಗ ಭಾಗದ ಕಬ್ಬು ಸಾಗಣೆಯಲ್ಲಿ ಗಾಡಿ, ಕಟಾವು ಮತ್ತು ಮುಂಗಡದ ಲೆಕ್ಕಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ.

ಈ ಸಂಗತಿಗಳನ್ನು ತಯಾರಕರಿಗೆ ವಿವರಿಸಬಲ್ಲವನು ಇಲ್ಲಿಯ ವ್ಯವಹಾರದ ನಡುವೆ ಬೆಳೆದವನೇ. ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕರಲ್ಲಿಯೂ ವ್ಯವಹರಿಸುವುದು ಗಡಿಭಾಗದ ಯುವಕರಿಗೆ ಸಹಜವಾಗಿ ಒದಗಿಬಂದ ಸಾಮರ್ಥ್ಯ. ಅಂಗಡಿಯ ಗಲ್ಲೆಯ ಪಕ್ಕದಲ್ಲಿ ಕುಳಿತು ಉದ್ರಿಯ ಲೆಕ್ಕ ಬರೆದ ಅನುಭವ ಈ ಉದ್ಯೋಗದಲ್ಲಿ ವ್ಯರ್ಥವಾಗುವುದಿಲ್ಲ. ಪದವಿಪತ್ರದಷ್ಟೇ ಉಪಯೋಗಕ್ಕೆ ಬರುತ್ತದೆ.

ಉದ್ಯೋಗ ಬದಲಿಸುವವರು ಗಮನಿಸಬೇಕಾದ ಅಂಶಗಳು

1. ಪ್ರೋಗ್ರಾಂ ಬರೆಯುವ ರೂಢಿಯನ್ನು ಬಿಡಬಾರದು. ಕೇಳುಗರೂ ಪ್ರೋಗ್ರಾಂಕಾರರೇ ಆಗಿರುವುದರಿಂದ, ಕೈಯಲ್ಲಿ ಕೆಲಸವಿಲ್ಲದವನ ಮಾತು ಬಹುಕಾಲ ನಿಲ್ಲುವುದಿಲ್ಲ.

2. ರಾಜೀನಾಮೆಗೆ ಮೊದಲೇ ಪರೀಕ್ಷಿಸಿಕೊಳ್ಳಬೇಕು. ಈಗಿರುವ ಕೆಲಸದಲ್ಲಿದ್ದುಕೊಂಡೇ ಒಂದು ಕೈಪಿಡಿ ಬರೆಯಬಹುದು. ಚಿಕ್ಕೋಡಿ ಅಥವಾ ನಿಪ್ಪಾಣಿಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಒಂದು ದಿನದ ಕಾರ್ಯಾಗಾರ ನಡೆಸಬಹುದು. ಅದರಲ್ಲಿ ಸಂತೋಷ ಸಿಗದಿದ್ದರೆ ಹುದ್ದೆಯಲ್ಲಿಯೂ ಸಿಗದು.

3. ಹೊಸ ಕಂಪನಿಯಲ್ಲಿ ಈ ಹುದ್ದೆ ಯಾವ ವಿಭಾಗದ ಕೆಳಗಿದೆ, ಕೆಲಸವನ್ನು ಯಾವ ಅಳತೆಯಿಂದ ಅಳೆಯುತ್ತಾರೆ ಎಂಬುದನ್ನು ಮೊದಲೇ ಕೇಳಬೇಕು. ಬಳಕೆದಾರರ ದೂರನ್ನು ಸ್ವೀಕರಿಸುವ ಇಂಜಿನಿಯರುಗಳು ಯಾರೆಂದು ಹೇಳಲಾಗದ ಕಂಪನಿಯಲ್ಲಿ ಈ ಕೆಲಸಕ್ಕೆ ಅರ್ಥವಿರುವುದಿಲ್ಲ.

4. ಅಪಾಯವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪ್ರಚಾರಕನ ದುಡಿಮೆಯ ಫಲ ತಿಂಗಳ ಮಾರಾಟದ ಅಂಕಿಗಳಲ್ಲಿ ನೇರವಾಗಿ ಕಾಣುವುದಿಲ್ಲ. 2022 ಮತ್ತು 2023ರಲ್ಲಿ ದೊಡ್ಡ ತಂತ್ರಾಂಶ ಕಂಪನಿಗಳು ಸಿಬ್ಬಂದಿ ಕಡಿತ ಮಾಡಿದಾಗ ಈ ವಿಭಾಗವೂ ಪಾರಾಗಲಿಲ್ಲ. ಪ್ರವಾಸವೂ ಹೆಚ್ಚು. ಕೆಲವು ತಿಂಗಳ ಮನೆಖರ್ಚಿನ ಹಣ ಕೈಯಲ್ಲಿಟ್ಟುಕೊಂಡು ಹೆಜ್ಜೆ ಇಡುವುದು ಲೇಸು.

5. ತನ್ನ ಸರಕು ಹೊಂದದ ಕಡೆ ಹೊಂದದು ಎಂದೇ ಹೇಳಬೇಕು. ಒಮ್ಮೆ ವಿಶ್ವಾಸ ಕಳೆದುಕೊಂಡ ಪ್ರಚಾರಕನನ್ನು ಕಂಪನಿ ಬದಲಿಸಿದರೂ ಜನ ನಂಬುವುದಿಲ್ಲ.

ವರ್ತಕರು ಕೇಳಬೇಕಾದ ಪ್ರಶ್ನೆಗಳು

ತಂತ್ರಾಂಶ ಪರಿಚಯಿಸಲು ಬಂದವರ ಮುಂದೆ ವರ್ತಕರು ಹಾಗೂ ಉದ್ದಿಮೆದಾರರು ನಾಲ್ಕು ಪ್ರಶ್ನೆಗಳನ್ನು ಇಡುವುದು ಒಳಿತು. ಮೊದಲನೆಯದು: ಸಂಸ್ಥೆಯ ಲೆಕ್ಕದ ದತ್ತಾಂಶವೆಲ್ಲ ಬೇಕೆಂದಾಗ, ಬೇರೆ ತಂತ್ರಾಂಶಕ್ಕೆ ಹೊಂದುವ ರೂಪದಲ್ಲಿ ಮರಳಿ ದೊರೆಯುತ್ತದೆಯೇ? ಎರಡನೆಯದು: ಕಳೆದ ಒಂದು ವರ್ಷದಲ್ಲಿ ಬಳಕೆದಾರರ ಯಾವ ದೂರಿನಿಂದ ತಂತ್ರಾಂಶದಲ್ಲಿ ಬದಲಾವಣೆಯಾಯಿತು? ಮೂರನೆಯದು: ಅಂಗಡಿಯದೇ ಹತ್ತು ಹಳೆಯ ಬಿಲ್ಲುಗಳನ್ನು ಕೊಟ್ಟರೆ ಅವುಗಳ ಮೇಲೆ ಕೆಲಸ ಮಾಡಿ ತೋರಿಸಬಹುದೇ? ನಾಲ್ಕನೆಯದು: ಈ ತಂತ್ರಾಂಶದಿಂದ ಆಗದ ಕೆಲಸ ಯಾವುದು?

ಕೊನೆಯ ಪ್ರಶ್ನೆಗೆ ತಡವರಿಸದೆ ಉತ್ತರಿಸುವವನನ್ನು ಮತ್ತೊಮ್ಮೆ ಕರೆಸಿಕೊಳ್ಳಬಹುದು. ಎರಡನೆಯದಕ್ಕೆ ಉತ್ತರವಿಲ್ಲದಿದ್ದರೆ ಆತ ಪ್ರಚಾರಕನ ಅರ್ಧ ಕೆಲಸವನ್ನಷ್ಟೇ ಮಾಡುತ್ತಿದ್ದಾನೆಂದು ತಿಳಿಯಬೇಕು.

ವರ್ತಕರ ಪಾಲಿನ ಕರ್ತವ್ಯವೂ ಇದೆ. ತೊಡಕು ಬಂದಾಗ ತಂತ್ರಾಂಶವನ್ನು ಬೈದು ಮತ್ತೆ ಕಿರ್ದಿ ಪುಸ್ತಕ ತೆರೆದರೆ ಯಾವ ಸುಧಾರಣೆಯೂ ಆಗದು. ಯಾವ ದಿನ, ಯಾವ ಬಿಲ್ಲಿನಲ್ಲಿ, ಏನು ತಪ್ಪಾಯಿತು ಎಂದು ಗುಮಾಸ್ತರಿಂದ ಬರೆಯಿಸಿಟ್ಟು, ಒಂದೇ ವ್ಯಾಪಾರದ ಹತ್ತು ಮಂದಿ ಸೇರಿ ಅದನ್ನು ತಯಾರಕರಿಗೆ ಒಟ್ಟಾಗಿ ತಲುಪಿಸಿದರೆ ಆ ಮಾತಿಗೆ ತೂಕ ಬರುತ್ತದೆ. ಆ ಪಟ್ಟಿಯನ್ನು ಬೆಂಗಳೂರಿನವರೆಗೆ ಒಯ್ದು ಅರ್ಥವಾಗುವಂತೆ ವಿವರಿಸಲು ಇದೇ ತಾಲೂಕುಗಳ ಮಗನೋ ಮಗಳೋ ಮುಂದೆ ಬಂದಲ್ಲಿ, ಮನೆಯವರು ಅದನ್ನು ಹಿಂಬಡ್ತಿಯೆಂದು ಎಣಿಸಬೇಕಾದ ಕಾರಣವಿಲ್ಲ.