ತುಟಿಯ ಕನ್ನಡ

ಕಳೆದ ವರ್ಷ ಆಷಾಢ ಮುಗಿದು ಶ್ರಾವಣ ಕಾಲಿಡುವ ಹೊತ್ತಿಗೆ, ವಡೋದರದ ನಮ್ಮ ಮನೆಯಲ್ಲಿ ಒಂದೇ ಹಾಡಿನ ಅರ್ಧ ನಿಮಿಷದ ಭಾಗವು ದಿನಕ್ಕೆ ನಲವತ್ತು ಐವತ್ತು ಬಾರಿ ಕೇಳಿಬರತೊಡಗಿತು. ಮಗಳು ಇಲ್ಲಿಯ ಕಾಲೇಜೊಂದರಲ್ಲಿ ಸಮೂಹ ಮಾಧ್ಯಮ ವಿಷಯದ ವಿದ್ಯಾರ್ಥಿನಿ. ಅವರ ತರಗತಿಗೆ ಒಂದು ಅಭ್ಯಾಸವನ್ನು ಕೊಟ್ಟಿದ್ದರು: ಐದೈದು ಮಂದಿಯ ಗುಂಪು ಹಳೆಯ ಸಂಗೀತಚಿತ್ರವೊಂದನ್ನು ಆರಿಸಿಕೊಂಡು, ಅದರ ಮೂವತ್ತು ಸೆಕೆಂಡುಗಳನ್ನು ಹೊಸದಾಗಿ ಚಿತ್ರಿಸಬೇಕು. ಧ್ವನಿ ಮೂಲದ್ದೇ ಇರಬೇಕು. ಚಿತ್ರ ಮಾತ್ರ ಇವರದು. ಕ್ಯಾಮೆರಾದ ದೂರ, ಕೋನ, ದೃಶ್ಯಗಳ ಸಂಖ್ಯೆ, ಕೈಯ ಚಲನೆ, ತುಟಿಯ ಚಲನೆ, ಎಲ್ಲವೂ ಮೂಲಕ್ಕೆ ಹೊಂದಬೇಕು. ಇವರ ಗುಂಪು ಆರಿಸಿಕೊಂಡದ್ದು ‘ಮಿಲೇ ಸುರ್ ಮೇರಾ ತುಮ್ಹಾರಾ’.

ನಮ್ಮ ವಯಸ್ಸಿನ ವಾಚಕರಿಗೆ ಈ ಚಿತ್ರದ ಪರಿಚಯ ಅನಾವಶ್ಯಕ. 1988ರ ಆಗಸ್ಟ್ 15ರಂದು ಕೆಂಪುಕೋಟೆಯ ಭಾಷಣ ಮುಗಿದ ಬಳಿಕ ದೂರದರ್ಶನವು ಇದನ್ನು ಮೊದಲ ಬಾರಿಗೆ ಬಿತ್ತರಿಸಿತು. ಲೋಕ ಸೇವಾ ಸಂಚಾರ ಪರಿಷತ್ತಿಗಾಗಿ ಇದನ್ನು ಕಲ್ಪಿಸಿದವರು ಸುರೇಶ್ ಮಲ್ಲಿಕ್, ನಿರ್ದೇಶಿಸಿದವರು ಕೈಲಾಶ್ ಸುರೇಂದ್ರನಾಥ್, ಹಿಂದಿ ಸಾಹಿತ್ಯ ಪೀಯೂಷ್ ಪಾಂಡೆಯವರದು. ಭೈರವಿಯ ನೆರಳಿನಲ್ಲಿ ಒಂದೇ ಭಾವದ ಮಾತು ಹದಿನಾಲ್ಕು ಭಾಷೆಗಳಲ್ಲಿ ಸುತ್ತಿ ಬರುತ್ತದೆ. ಹಿಂದಿಯಲ್ಲಿ ಅದನ್ನು ತೆರೆಯುವ ಕಂಠ ಗದಗ ಜಿಲ್ಲೆಯ ಭೀಮಸೇನ ಜೋಶಿಯವರದೆಂಬ ಅಭಿಮಾನ ನಮ್ಮಲ್ಲಿ ಯಾರಿಗಿಲ್ಲ! ಅಹಮದಾಬಾದಿನ ನರ್ತಕಿ ಮಲ್ಲಿಕಾ ಸಾರಾಭಾಯಿ ಅದರಲ್ಲಿದ್ದಾರೆ, ನಮ್ಮ ಪ್ರಕಾಶ್ ಪಡುಕೋಣೆಯವರೂ ಇದ್ದಾರೆ. 2010ರಲ್ಲಿ ಅದೇ ಸುರೇಂದ್ರನಾಥರು ಹೊಸ ತಾರೆಗಳೊಂದಿಗೆ ಇದನ್ನು ಮತ್ತೆ ನಿರ್ಮಿಸಿದರು. ಅದು ಮೂಲಕ್ಕಿಂತ ಎಷ್ಟೋ ಉದ್ದವಾಗಿತ್ತು. ನನಗಂತೂ ಹಳೆಯದರ ಮುಂದೆ ಸಪ್ಪೆಯಾಗಿ ಕಂಡಿತು.

ನಕಲು ಮಾಡುವುದು ಯಾವ ಬಗೆಯ ವಿದ್ಯೆಯೆಂದು ನಾನು ಮೊದಲು ಮೂಗು ಮುರಿದದ್ದುಂಟು. ಮಗಳ ಉತ್ತರ ಸಿದ್ಧವಾಗಿತ್ತು: “ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮುಂದೆ ಕುಳಿತು ಭೀಮಸೇನರು ಮಾಡಿದ್ದೇನು, ಅಪ್ಪಾ?” ಗುರು ಹಾಡಿದ್ದನ್ನು ಶಿಷ್ಯನು ಹಾಗೆಯೇ ಹಾಡಿ ಒಪ್ಪಿಸುವುದೇ ಅಲ್ಲಿಯ ಮೊದಲ ಪಾಠವಲ್ಲವೆ? ನಾನು ಸುಮ್ಮನಾದೆ. ನೋಡುವವನ ಕಣ್ಣಿಗೆ ಬೀಳದ ಸಂಗತಿಗಳು ಮಾಡುವವನಿಗೆ ಬೀಳುತ್ತವೆ ಎಂಬುದು ಕೆಲವೇ ದಿನಗಳಲ್ಲಿ ನನಗೂ ಗೊತ್ತಾಯಿತು. ಎಷ್ಟೋ ಸಲ ನೋಡಿದ ಆ ಚಿತ್ರದಲ್ಲಿ ಒಂದೊಂದು ದೃಶ್ಯ ಎಷ್ಟು ಹೊತ್ತು ನಿಲ್ಲುತ್ತದೆ, ಒಂದು ಭಾಷೆ ಮುಗಿಯುವ ಮೊದಲೇ ಮುಂದಿನ ಮುಖ ಎಲ್ಲಿ ಬರುತ್ತದೆ ಎಂಬುದನ್ನು ನಾನು ಒಮ್ಮೆಯೂ ಗಮನಿಸಿರಲಿಲ್ಲ.

ದಕ್ಷಿಣದ ಭಾಷೆಗಳು ಒಂದರ ಹಿಂದೊಂದು ಬರುವ ಭಾಗವು ಇವರ ಪಾಲಿಗೆ ಬಂದಿತ್ತು. ಗುಂಪಿನಲ್ಲಿ ಇಬ್ಬರು ಅಹಮದಾಬಾದಿನವರು, ಒಬ್ಬ ಸೂರತ್ತಿನವನು, ಒಬ್ಬಳು ವಡೋದರದವಳೇ. ಕನ್ನಡದ ಸಾಲಿಗೆ ಯಾರೆಂಬ ಪ್ರಶ್ನೆಯೇ ಏಳಲಿಲ್ಲ; ಹೆಸರೇ ಸಾಕ್ಷಿ ಹೇಳುವ ಕನ್ನಡದ ಹುಡುಗಿ ಇರುವಾಗ ಬೇರೆಯವರನ್ನು ಹುಡುಕುವುದೇಕೆ? ಆದರೆ ನಮ್ಮ ಮಗಳ ಕನ್ನಡವು ಊಟ, ನಿದ್ದೆ, ಬೈಗುಳಗಳ ಗಡಿಯೊಳಗಿನ ಕನ್ನಡವೆಂಬುದು ಅವಳಿಗೂ ನನಗೂ ಮಾತ್ರ ಗೊತ್ತಿತ್ತು. ಈ ಸಂಚಿಕೆಯನ್ನು ಓದುವ ಬಹುಮಂದಿ ತಂದೆತಾಯಿಗಳಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಚಿತ್ರೀಕರಣದ ಸಾಹಸ ಮೂರು ಊರುಗಳಲ್ಲಿ ನಡೆಯಿತು. ಸಮುದ್ರತೀರದ ದೃಶ್ಯಕ್ಕೆ ಸೂರತ್ತಿನ ಡುಮಸ್‌ಗೆ ಹೋದರು. ಅಲ್ಲಿಯ ಮರಳು ಕಪ್ಪು. ಮೂಲದ ತೀರಕ್ಕೆ ಹೊಂದಲಿಲ್ಲವೆಂದು ಹುಡುಗರು ಪೇಚಾಡಿದರು. ಅಹಮದಾಬಾದಿನಲ್ಲಿ ಸಾಬರಮತಿಯ ದಂಡೆಯ ಮೇಲೆ ಮಾಡಿದ ಒಂದು ದೃಶ್ಯದಲ್ಲಿ ತುಟಿಗೂ ಹಾಡಿಗೂ ಹೊಂದಿಕೆ ತಪ್ಪಿತು. ಕಾರಣ ಬಹು ಸರಳವಾಗಿತ್ತು. ಹಾಡನ್ನು ನುಡಿಸುವ ಧ್ವನಿವರ್ಧಕವನ್ನು ಚೌಕಟ್ಟಿನಲ್ಲಿ ಕಾಣಬಾರದೆಂದು ಮೂವತ್ತು ಮೀಟರು ದೂರ ಇಟ್ಟಿದ್ದರು. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುತ್ತದಾದ್ದರಿಂದ ಹಾಡು ನಟನ ಕಿವಿಗೆ ತಲಪುವಾಗ ಸೆಕೆಂಡಿನ ಹನ್ನೊಂದನೆಯ ಒಂದು ಭಾಗ ಕಳೆದಿರುತ್ತದೆ. ದೂರದರ್ಶನದ ಲೆಕ್ಕದಲ್ಲಿ ಸೆಕೆಂಡಿಗೆ 25 ಚಿತ್ರಗಳು. ಅಂದರೆ ತುಟಿ ಎರಡು ಚಿತ್ರಗಳಷ್ಟು ಹಿಂದೆ ಬಿದ್ದಿತು.

ಇಷ್ಟು ಸೂಕ್ಷ್ಮವನ್ನು ಯಾರು ನೋಡುತ್ತಾರೆ ಎನ್ನಬೇಡಿ. ಪ್ರಸಾರ ತಂತ್ರಜ್ಞರು ಇದನ್ನು ಅಳೆದಿದ್ದಾರೆ. ಧ್ವನಿಯು ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡು ಮುಂದಾದರೆ ನೋಡುವವರಿಗೆ ಗೊತ್ತಾಗತೊಡಗುತ್ತದೆ. ಹಿಂದಾದರೆ 125 ಮಿಲಿಸೆಕೆಂಡಿನವರೆಗೆ ಸಹಿಸುತ್ತೇವೆ. ಮಿಂಚು ಮೊದಲು, ಗುಡುಗು ಆಮೇಲೆ ಎಂಬ ಪ್ರಕೃತಿಯ ಕ್ರಮಕ್ಕೆ ನಮ್ಮ ಮಿದುಳು ಒಗ್ಗಿಕೊಂಡಿರುವುದೇ ಇದಕ್ಕೆ ಕಾರಣವಿದ್ದೀತು. ಇವರ ದೃಶ್ಯದಲ್ಲಿ ತುಟಿ ತಡವಾಗಿ ಧ್ವನಿ ಮುಂದಾದದ್ದರಿಂದಲೇ ಅಷ್ಟು ಎದ್ದು ಕಂಡಿತು.

ಇಲ್ಲಿ ಒಂದು ಮಾತು, ವಿಷಯಾಂತರವೆನಿಸಿದರೂ ಹೇಳಿಬಿಡುತ್ತೇನೆ. “ಗುಜರಾತಿಗೂ ಟೀವಿಯ ಕನ್ನಡಕ್ಕೂ ಏನು ಸಂಬಂಧ?” ಎಂದು ಗುಂಪಿನ ಹುಡುಗನೊಬ್ಬ ಕೇಳಿದ್ದನಂತೆ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ನಡೆದ ‘ಸೈಟ್’ ಎಂಬ ಉಪಗ್ರಹ ದೂರದರ್ಶನ ಪ್ರಯೋಗದಲ್ಲಿ, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮಗಳು ಹೋದವು. ಅವುಗಳಲ್ಲಿ ನಮ್ಮ ರಾಯಚೂರು, ಬಿಜಾಪುರ, ಗುಲ್ಬರ್ಗ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಆ ಕಾರ್ಯಕ್ರಮಗಳನ್ನು ಅಮೆರಿಕೆಯ ಎಟಿಎಸ್-6 ಉಪಗ್ರಹಕ್ಕೆ ಕಳುಹಿಸುತ್ತಿದ್ದ ಮುಖ್ಯ ಭೂಕೇಂದ್ರ ಅಹಮದಾಬಾದಿನಲ್ಲಿತ್ತು. ಹಳ್ಳಿಗಳ ಅಂಗಳದಲ್ಲಿ ಕೋಳಿಬಲೆಯ ತಂತಿಯಿಂದ ಮಾಡಿದ ಹತ್ತು ಅಡಿಯ ತಟ್ಟೆಗಳು ಅದನ್ನು ಹಿಡಿಯುತ್ತಿದ್ದವು. ಒಂದೇ ಚಿತ್ರದೊಡನೆ ಎರಡು ಭಾಷೆಯ ಧ್ವನಿಗಳನ್ನು ಕಳುಹಿಸುವ ಸೌಕರ್ಯವೂ ಅದರಲ್ಲಿತ್ತು. ಕಣ್ಣಿಗೆ ಕಾಣುವ ತುಟಿ ಒಂದು ಭಾಷೆಯದು, ಕಿವಿಗೆ ಬೀಳುವ ಮಾತು ಇನ್ನೊಂದರದು! ಸಾಬರಮತಿಯ ದಂಡೆಯಿಂದ ಕನ್ನಡವು ಆಕಾಶಕ್ಕೇರಿ ಕೃಷ್ಣಾತೀರಕ್ಕೆ ಇಳಿದದ್ದನ್ನು ಆ ಹುಡುಗನಿಗೆ ಹೇಳಿ ಕಳುಹಿಸಿದೆ.

ಈಗ ಮೂಲ ವಿಷಯಕ್ಕೆ ಬರುತ್ತೇನೆ. ಕನ್ನಡದ ಸಾಲನ್ನು ಇಲ್ಲಿಯ ಕಮಾಟಿಬಾಗಿನಲ್ಲಿ ಚಿತ್ರಿಸಿದರು. ಗೆಳೆಯರೆಲ್ಲ ಮೆಚ್ಚಿದರು. ಸಂಜೆ ಮಗಳು ಮೊಬೈಲನ್ನು ತಂದು ನಮ್ಮ ತಾಯಿಯವರ ಕೈಗಿತ್ತಳು. ಅವರಿಗೆ ಎಂಬತ್ತೆರಡು. ಗದಗಿನ ಮನೆಯನ್ನು ಮುಚ್ಚಿ ನಮ್ಮೊಡನೆ ಬಂದು ಐದು ವರ್ಷಗಳಾದವು. ಎರಡು ಸಲ ನೋಡಿ ಅವರು ಕನ್ನಡಕವನ್ನು ಸರಿಪಡಿಸಿಕೊಂಡು ಹೇಳಿದರು: “‘ನಮ್ಮ’ ಅನ್ನೋದಿಲ್ಲ ಈಕಿ, ‘ನಮ’ ಅಂತಾಳ. ‘ಸೇರು’ ಅನ್ನೋಕಡೆ ‘ಸೆರೆ’ ಹಂಗ ಮಾಡ್ಯಾಳ.”

ಮಗಳು ಮುಖ ಸಣ್ಣದು ಮಾಡಿಕೊಂಡಳು. ಹಾಡಿನಲ್ಲಿ ಕೇಳುವುದು ಮೂಲದ ಗಾಯಕರ ದನಿ. ಅದು ತಪ್ಪಾಗುವುದು ಹೇಗೆ? ಆಗ ಅವಳಿಗೆ ಹೊಳೆಯಿತು, ಮೊಬೈಲಿನ ಧ್ವನಿಯು ಅವಳ ಕಿವಿಯಲ್ಲಿದ್ದ ನಿಸ್ತಂತು ಶ್ರವಣಿಗೆ ಜೋಡಿಕೊಂಡಿತ್ತು. ಅಜ್ಜಿಗೆ ಒಂದಕ್ಷರವೂ ಕೇಳಿಸಿರಲೇ ಇಲ್ಲ. ಧ್ವನಿ ಇಲ್ಲವೆಂಬುದು ಅಜ್ಜಿಯ ಗಮನಕ್ಕೆ ಬಂದಿರಲೂ ಇಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎರಡು ವರ್ಷಗಳಿಂದ ತಾಯಿಯವರು ಕೇಳಿದ್ದಕ್ಕೊಂದು ಹೇಳುವುದಕ್ಕೊಂದು ಎಂಬಂತೆ ಉತ್ತರಿಸುತ್ತಿದ್ದರು. ನೆರೆಯವರು ಬಂದರೆ ಒಳಗೆ ಹೋಗಿ ಕುಳಿತುಬಿಡುತ್ತಿದ್ದರು. ವಯಸ್ಸಿನ ಮರೆವೆಂದು ನಾವೇ ತೀರ್ಮಾನಿಸಿ, ಅವರ ಎದುರಿನಲ್ಲಿಯೇ ಆ ಮಾತನ್ನು ಆಡುತ್ತಿದ್ದೆವು. ಅವರು ನಮ್ಮ ತುಟಿಗಳನ್ನು ಓದಿ ಸಂಸಾರ ನಡೆಸುತ್ತಿದ್ದರೆಂಬುದು ಒಬ್ಬರಿಗೂ ತಿಳಿಯಲಿಲ್ಲ. ಅವರು ಓದಬಲ್ಲ ತುಟಿಯೆಂದರೆ ಕನ್ನಡದ ತುಟಿಯೊಂದೇ. ಮನೆಯಲ್ಲಿ ಮಗಳು ಗುಜರಾತಿಯಲ್ಲಿ, ನನ್ನ ಪತ್ನಿ ಕೆಲಸದವಳೊಡನೆ ಹಿಂದಿಯಲ್ಲಿ, ನಾನು ಫೋನಿನಲ್ಲಿ ಇಂಗ್ಲಿಷಿನಲ್ಲಿ ಮಾತನಾಡುವಾಗ, ಅವರ ಪಾಲಿಗೆ ದೀಪ ಆರಿದಂತೆಯೇ.

ಎಲ್ಲರೂ ಸ್ವಲ್ಪಮಟ್ಟಿಗೆ ತುಟಿಯಿಂದಲೇ ಕೇಳುತ್ತೇವೆ. ಹ್ಯಾರಿ ಮೆಗರ್ಕ್ ಮತ್ತು ಜಾನ್ ಮ್ಯಾಕ್‌ಡೊನಾಲ್ಡ್ ಎಂಬ ಮನೋವಿಜ್ಞಾನಿಗಳು 1976ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದುದು. ‘ಬಾ’ ಎಂಬ ಧ್ವನಿಯನ್ನು ‘ಗಾ’ ಎನ್ನುವ ಮುಖದ ಚಿತ್ರಕ್ಕೆ ಜೋಡಿಸಿದಾಗ ನೋಡಿದವರಲ್ಲಿ ಬಹುಮಂದಿಗೆ ಕೇಳಿಸಿದ್ದು ‘ದಾ’. ವಯಸ್ಸಾದಂತೆ ಒಳಕಿವಿಯ ಶಂಖದಲ್ಲಿರುವ ಸೂಕ್ಷ್ಮ ರೋಮಕೋಶಗಳು ನಶಿಸುತ್ತವೆ. ಅವು ಮತ್ತೆ ಬೆಳೆಯುವುದಿಲ್ಲ. ಮೊದಲು ಹೋಗುವುದು ತಾರಸ್ಥಾಯಿಯ ಶಬ್ದಗಳು. ಸಕಾರ, ಶಕಾರ, ತಕಾರಗಳು ಮಸುಕಾಗಿ ಸ್ವರಗಳು ಉಳಿಯುತ್ತವೆ. ಆದುದರಿಂದಲೇ ಹಿರಿಯರು “ಕೇಳಿಸ್ತದ, ತಿಳಿಯೋದಿಲ್ಲ” ಎನ್ನುತ್ತಾರೆ. ಕೂಗಿ ಹೇಳಿದರೆ ಪ್ರಯೋಜನ ಕಡಿಮೆ. ಎದುರಿಗೆ, ಬೆಳಕಿನಲ್ಲಿ ನಿಂತು ನಿಧಾನವಾಗಿ ಹೇಳಬೇಕು. ಅರವತ್ತು ದಾಟಿದವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಬಾಳಿಗೆ ತೊಡಕಾಗುವಷ್ಟು ಶ್ರವಣದೋಷವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ‘ಲ್ಯಾನ್ಸೆಟ್’ ಪತ್ರಿಕೆಯ ತಜ್ಞಮಂಡಲಿಯು 2017ರಲ್ಲಿ, ಮತ್ತೆ 2020 ಹಾಗೂ 2024ರಲ್ಲಿ, ಮರೆಗುಳಿ ರೋಗಕ್ಕೆ ಎಡೆಮಾಡುವ, ಆದರೆ ಸರಿಪಡಿಸಬಹುದಾದ ಕಾರಣಗಳಲ್ಲಿ ಕಿವುಡನ್ನೂ ಸೇರಿಸಿದೆ. ಸೂರತ್ತಿನ ಮಗ್ಗಗಳ ನಡುವೆ ದುಡಿಯುವ ನಮ್ಮವರೂ, ನವರಾತ್ರಿಯಲ್ಲಿ ಧ್ವನಿವರ್ಧಕದ ಬುಡದಲ್ಲಿ ನಿಲ್ಲುವ ನಮ್ಮ ಮಕ್ಕಳೂ ಇದನ್ನು ಗಮನಿಸಬೇಕು: 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆ ಇರಬಹುದಾದರೆ, ಪ್ರತಿ 3 ಡೆಸಿಬೆಲ್ ಏರಿಕೆಗೂ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ.

ಪರೀಕ್ಷೆಗೆ ಕರೆದೊಯ್ದಾಗ ಇನ್ನೊಂದು ತೊಡಕು ಎದುರಾಯಿತು. ಮೊದಲು ಕಿವಿಯ ಗುಗ್ಗೆಯನ್ನು ತೆಗೆದು, ಬಳಿಕ ‘ಪೀಂ’ ಎಂಬ ನಾದಗಳ ಪರೀಕ್ಷೆ ಮಾಡಿದರು. ಅದು ಸರಿಹೋಯಿತು. ಆಮೇಲೆ ಮಾತಿನ ಪರೀಕ್ಷೆ. ಪದಗಳನ್ನು ಕೇಳಿಸಿ ಮರಳಿ ಹೇಳಿಸುವುದು. ಆ ಪದಗಳು ಗುಜರಾತಿಯವು! ತಾಯಿಯವರು ಇಪ್ಪತ್ತಕ್ಕೆ ಮೂರನ್ನು ಹೇಳಿದರು. ಕಿವಿಯ ದೋಷವೆಷ್ಟು, ಭಾಷೆಯ ದೋಷವೆಷ್ಟು ಎಂದು ಯಾರು ಬಿಡಿಸಬೇಕು? ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡ ಪದಗಳ ಪಟ್ಟಿಗಳೇ ಸಿದ್ಧವಾಗಿವೆ. ಕೊನೆಗೆ ಅಂಥದೊಂದು ಪಟ್ಟಿಯನ್ನು ತರಿಸಿಕೊಂಡು, ತುಟಿ ಕಾಣದಂತೆ ಮುಖಕ್ಕೆ ಕಾಗದವನ್ನು ಅಡ್ಡ ಹಿಡಿದು, ತಂತ್ರಜ್ಞರ ಎದುರಿನಲ್ಲಿ ನಾನೇ ಓದಿದೆ. ತಾಯಿಯವರು ಅರ್ಧಕ್ಕಿಂತ ಹೆಚ್ಚನ್ನು ಹೇಳಿದರು. ತಮ್ಮ ಊರುಗಳಿಂದ ಹಿರಿಯರನ್ನು ಕರೆತಂದಿರುವ ಸದಸ್ಯರು ಇದನ್ನು ನೆನಪಿನಲ್ಲಿಡುವುದು ಒಳಿತು.

ಇತ್ತ ಅಜ್ಜಿಗೂ ಮೊಮ್ಮಗಳಿಗೂ ಪಾಠ ಆರಂಭವಾಯಿತು. ಹಿಂದಿಯವರಿಗೆ ಕಷ್ಟವಾಗುವ ಳಕಾರವು ಗುಜರಾತಿಯಲ್ಲಿರುವುದರಿಂದ ಅದು ಅವಳಿಗೆ ಸಹಜವಾಗಿಯೇ ಬರುತ್ತಿತ್ತು. ತೊಡಕಿದ್ದದ್ದು ಮಾತ್ರೆಯಲ್ಲಿ. ಗುಜರಾತಿಯಲ್ಲಿ ಎ-ಏ, ಒ-ಓ ಎಂಬ ಹ್ರಸ್ವದೀರ್ಘ ಭೇದವಿಲ್ಲ. ಇ-ಈ, ಉ-ಊ ಭೇದವು ಬರವಣಿಗೆಯಲ್ಲುಳಿದು ಮಾತಿನಲ್ಲಿ ಬಹುಮಟ್ಟಿಗೆ ಅಳಿದಿದೆ. ಕನ್ನಡದಲ್ಲಿ ಒಂದು ಮಾತ್ರೆ ಜಾರಿದರೆ ಸೇರುವುದು ಸೆರೆಯ ಕಡೆಗೆ ವಾಲುತ್ತದೆ. ಕಿವಿಗಿಂತ ಮೊದಲು ತುಟಿಯಲ್ಲಿ ಅದು ಕಾಣುತ್ತದೆ. ‘ನನ್ನ’ ಎನ್ನುವಾಗ ತುಟಿಗಳು ಕೂಡುವುದಿಲ್ಲ, ‘ನಿನ್ನ’ ಎನ್ನುವಾಗ ಅಗಲವಾಗುತ್ತವೆಯೇ ಹೊರತು ಕೂಡುವುದಿಲ್ಲ. ‘ನಮ್ಮ’ ಎನ್ನುವಾಗ ಮಾತ್ರ ಒಂದನ್ನೊಂದು ಮುಟ್ಟಿ ಒಂದು ಕ್ಷಣ ನಿಲ್ಲಬೇಕು. ಮಗಳು ಆ ಕ್ಷಣ ನಿಲ್ಲುತ್ತಿರಲಿಲ್ಲ. ಅಜ್ಜಿ ಎದುರಿಗೆ ಕುಳಿತು ದನಿಯೇ ಇಲ್ಲದೆ ತುಟಿಯಾಡಿಸುವುದು, ಇವಳು ಹಾಗೆಯೇ ಒಪ್ಪಿಸುವುದು. ಅಡುಗೆಮನೆಯಲ್ಲಿ ಹದಿನೈದು ದಿನ ಈ ಮೌನದ ಪಾಠ ನಡೆಯಿತು.

ಕಮಾಟಿಬಾಗಿನಲ್ಲಿ ಎರಡನೆಯ ಬಾರಿ ಚಿತ್ರೀಕರಣವಾದಾಗ ಅಜ್ಜಿಯೂ ಹೋಗಿದ್ದರು. ಧ್ವನಿವರ್ಧಕವನ್ನು ಹುಡುಗರು ಈ ಸಲ ಎರಡು ಮೀಟರು ದೂರದಲ್ಲಿ ಪೊದೆಯ ಹಿಂದೆ ಅಡಗಿಸಿದರು. ಒಂಬತ್ತನೆಯ ಯತ್ನಕ್ಕೆ ಅಜ್ಜಿ ತಲೆಯಾಡಿಸಿದರು. ತರಗತಿಯಲ್ಲಿ ಬೆಳಕಿನ ಹೊಂದಿಕೆ ಸಾಲದೆಂದು ಅಂಕಗಳನ್ನು ಕಳೆದರಂತೆ. ಕನ್ನಡದ ತುಟಿ ಸರಿಯಾಗಿತ್ತೆಂಬುದು ಅಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ.

ದೀಪಾವಳಿಗೆ ತಾಯಿಯವರಿಗೆ ಶ್ರವಣಯಂತ್ರ ಬಂದಿತು. ಮೊದಲ ವಾರ ಕುಕ್ಕರಿನ ಸೀಟಿಗೆ ಬೆಚ್ಚಿ ಅದನ್ನು ಕಿತ್ತಿಟ್ಟರು. ಯಂತ್ರಕ್ಕೆ ಮಿದುಳು ಒಗ್ಗಲು ಕೆಲವು ವಾರಗಳು ಬೇಕೆಂದು ಹೇಳಿ ಮತ್ತೆ ತೊಡಿಸಿದೆವು. ಈಗ ಬೆಳಗ್ಗೆ ಎದ್ದೊಡನೆ ಹಾಕಿಕೊಳ್ಳುತ್ತಾರೆ, ಸಂಜೆ ನಾವು ಟೀವಿಯ ಹಿಂದಿ ಧಾರಾವಾಹಿಯ ಮುಂದೆ ಕುಳಿತಾಗ ತೆಗೆದು ಡಬ್ಬಿಗೆ ಹಾಕುತ್ತಾರೆ. ಆ ಹೊತ್ತಿಗೆ ಮಗಳು ಕಾಲೇಜಿನಿಂದ ಬಂದು ಅವರ ಎದುರಿಗೆ ಕುಳಿತು, ದನಿ ಎತ್ತದೆ, ತುಟಿಯಲ್ಲಿಯೇ ಅಂದಿನ ಸುದ್ದಿಯನ್ನೆಲ್ಲ ಹೇಳುತ್ತಾಳೆ. ನಮ್ಮ ಮೇಲಿನ ದೂರುಗಳೂ ಅದರಲ್ಲಿ ಇರುತ್ತವೆಂದು ನನಗೆ ಗುಮಾನಿ.